ದೊಡ್ಡ ಕಷ್ಟಕ್ಕೆ ಧೈರ್ಯ ಇದೆ, ಚಮಚದ ಸದ್ದಿಗೆ ಯಾಕೆ ಮೈ ಉರಿಯುತ್ತದೆ?

ಪ್ರಶ್ನೆ: ನನಗೆ 41 ವರ್ಷ. ಮನೆಯಲ್ಲಿ ಏನಾದರೂ ದೊಡ್ಡ ಕಷ್ಟ ಬಂದರೆ ಎಲ್ಲರೂ ನನ್ನ ಕಡೆಯೇ ನೋಡುತ್ತಾರೆ. ಅಮ್ಮನ ಆಪರೇಷನ್ ಆದಾಗ, ಗಂಡನ ಕೆಲಸ ಹೋದಾಗ ನಾನು ಗಟ್ಟಿಯಾಗಿಯೇ ಇದ್ದೆ. ಆದರೆ ಸಣ್ಣಪುಟ್ಟದ್ದಕ್ಕೆ ಮೈಯೆಲ್ಲ ಉರಿಯುತ್ತದೆ. ಗಂಡ ಕಪಾಟಿನ ಬಾಗಿಲು ತೆರೆದು ಹಾಗೇ ಬಿಟ್ಟು ಹೋಗುತ್ತಾರೆ. ಸಕ್ಕರೆ ಕರಗಿದ ಮೇಲೂ ಲೋಟದಲ್ಲಿ ಚಮಚ ತಿರುಗಿಸುತ್ತಲೇ ಇರುತ್ತಾರೆ. ಆಫೀಸಿನಲ್ಲಿ ಪಕ್ಕದ ಸೀಟಿನವರು ಪೆನ್ನನ್ನು ಟಕ್ ಟಕ್ ಅನ್ನಿಸುತ್ತಾರೆ. ಬಸ್ಸಿನಲ್ಲಿ ಯಾರೋ ಫೋನಿನ ಸ್ಪೀಕರ್ ಹಾಕಿಕೊಂಡು ವಿಡಿಯೊ ನೋಡುತ್ತಾರೆ. ಒಮ್ಮೊಮ್ಮೆ ಜೋರಾಗಿ ಕಿರುಚಿಬಿಡಬೇಕು ಅನ್ನಿಸುತ್ತದೆ. ಆಮೇಲೆ, ಇಷ್ಟಕ್ಕೆಲ್ಲ ಯಾಕೆ ಎಂದು ನನಗೇ ನಾಚಿಕೆ. ಇದು ನನ್ನ ಸಣ್ಣತನವೇ? ಕಾಯಿಲೆಯೇ? ಗಂಡನಿಗೆ ಹೇಳಲೇ, ಸುಮ್ಮನೆ ಸಹಿಸಿಕೊಳ್ಳಲೇ?

ಉತ್ತರ: ಸಣ್ಣತನ ಖಂಡಿತ ಅಲ್ಲ. ಕಾಯಿಲೆಯೇ ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ. ನೀವು ಬರೆದಿರುವುದರಲ್ಲಿ ಆ ಕಡೆಯೂ ಒಮ್ಮೆ ನೋಡಬೇಕಾದ ವಿಷಯಗಳಿವೆ. ಅದಕ್ಕೂ ಮುಂಚೆ, ನೀವು ಬರೆದ "ಇಷ್ಟಕ್ಕೆಲ್ಲ ಯಾಕೆ" ಎಂಬ ಮಾತು. ಆಪ್ತಸಮಾಲೋಚನೆಗೆ ಬರುವ ಬಹಳ ಜನ ಇದನ್ನೇ ಹೇಳುತ್ತಾರೆ. ದೊಡ್ಡ ದುಃಖವನ್ನು ನೇರವಾಗಿ ಹೇಳಿಕೊಳ್ಳುತ್ತಾರೆ, ಕಿರಿಕಿರಿಯನ್ನು ಮಾತ್ರ ತಲೆ ತಗ್ಗಿಸಿ ಹೇಳುತ್ತಾರೆ. ನನಗೆ ಅನ್ನಿಸುವುದು ಇಷ್ಟೇ: ಸಣ್ಣ ವಿಷಯಗಳು ವರ್ಷಗಟ್ಟಲೆ ಕಾಡುವುದೇ ಅವನ್ನು ಸಣ್ಣದು ಎಂದು ಪಕ್ಕಕ್ಕೆ ತಳ್ಳುವುದರಿಂದ.

ನೀವೇ ಯೋಚಿಸಿ ನೋಡಿ. ಅಮ್ಮನ ಆಪರೇಷನ್ ಆದಾಗ ಏನಾಯಿತು? ನೆಂಟರು ಬಂದರು, ಸ್ನೇಹಿತರು ಫೋನ್ ಮಾಡಿದರು. ನೀವು ರಜೆ ಹಾಕಿದಿರಿ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಕೂತು ಯೋಚಿಸಿದಿರಿ. ಅಳು ಬಂದಾಗ ಅತ್ತಿರಬಹುದು, ಅದನ್ನು ಯಾರೂ ತಪ್ಪು ಎನ್ನಲಿಲ್ಲ. ಮನಸ್ಸು ತನ್ನ ಬಲವನ್ನೆಲ್ಲ ಒಟ್ಟುಮಾಡಿಕೊಂಡಿತು. ಕಪಾಟಿನ ಬಾಗಿಲಿನ ವಿಷಯದಲ್ಲಿ ಇದರಲ್ಲಿ ಒಂದೂ ನಡೆಯಲಿಲ್ಲ. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದಲ್ಲ ಎಂದುಕೊಂಡಿರಿ. ಬಾಗಿಲು ಮುಚ್ಚಿದಿರಿ, ಮುಂದಕ್ಕೆ ಹೋದಿರಿ. ಮಾರನೇ ದಿನ ಮತ್ತೆ ಅದೇ.

ಮನಶ್ಶಾಸ್ತ್ರಜ್ಞ ಡೇನಿಯಲ್ ಗಿಲ್ಬರ್ಟ್ ಮತ್ತು ಅವರ ಜೊತೆಗಾರರು 2004ರಲ್ಲಿ ಇದನ್ನೇ ಇಟ್ಟುಕೊಂಡು ಒಂದು ಲೇಖನ ಬರೆದರು. ಅವರ ವಾದ ಹೀಗಿದೆ. ನೋವು ಒಂದು ಮಟ್ಟ ದಾಟಿದರೆ ಮಾತ್ರ ಮನಸ್ಸು ಅದನ್ನು ಸರಿಪಡಿಸುವ ಕೆಲಸಕ್ಕೆ ಇಳಿಯುತ್ತದೆ. ಆ ಮಟ್ಟಕ್ಕಿಂತ ಕೆಳಗಿನ ನೋವಿಗೆ ಅಷ್ಟು ಆರೈಕೆ ಸಿಗುವುದಿಲ್ಲ. ಹಾಗಾಗಿ ಕೆಲವು ಸಲ ದೊಡ್ಡ ನೋವು ಬೇಗ ಮಾಯುತ್ತದೆ, ಚಿಕ್ಕದು ಹಾಗೇ ಉಳಿದುಬಿಡುತ್ತದೆ. ನೀವು ದೊಡ್ಡದರಲ್ಲಿ ಗಟ್ಟಿ, ಚಿಕ್ಕದರಲ್ಲಿ ದುರ್ಬಲ ಎಂದು ನಿಮ್ಮನ್ನೇ ಎರಡು ಭಾಗ ಮಾಡಿ ನೋಡುತ್ತಿದ್ದೀರಿ. ಇರುವುದು ಒಂದೇ ಮನಸ್ಸು. ಒಂದು ಕಡೆ ಅದಕ್ಕೆ ಕೆಲಸ ಮಾಡಲು ಬಿಟ್ಟಿದ್ದೀರಿ, ಇನ್ನೊಂದು ಕಡೆ ಬಾಯಿ ಮುಚ್ಚಿಸಿದ್ದೀರಿ.

ಈ ಸಣ್ಣ ತೊಂದರೆಗಳಿಗೆ ಸಂಶೋಧಕರೇ ಬಹಳ ಕಾಲ ಬೆಲೆ ಕೊಟ್ಟಿರಲಿಲ್ಲ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಒತ್ತಡ ಅಳೆಯಲು 43 ಘಟನೆಗಳ ಒಂದು ಪಟ್ಟಿ ಮಾಡಿದರು. ಸಂಗಾತಿಯ ಸಾವು, ವಿಚ್ಛೇದನ, ಕೆಲಸ ಹೋಗುವುದು ಇಂಥವು ಮೇಲಿನ ಸಾಲಿನಲ್ಲಿದ್ದವು. ಒತ್ತಡ ಎಂದರೆ ಇಂಥ ದೊಡ್ಡ ಘಟನೆ ಎಂದೇ ಬಹಳ ಜನ ನಂಬಿದ್ದರು. 1981ರಲ್ಲಿ ರಿಚರ್ಡ್ ಲಾಜರಸ್ ಮತ್ತು ಅವರ ತಂಡದವರು ಬೇರೆ ಪಟ್ಟಿ ತಂದರು. ಅದರಲ್ಲಿ ದಿನದಿನದ 117 ರಗಳೆಗಳಿದ್ದವು. ವಸ್ತು ಎಲ್ಲೋ ಇಟ್ಟು ಮರೆಯುವುದು, ಕೈತುಂಬ ಕೆಲಸ, ಮನೆ ರಿಪೇರಿ ಇಂಥವು. ನಡುವಯಸ್ಸಿನ 100 ಜನರನ್ನು ತಿಂಗಳುಗಟ್ಟಲೆ ಗಮನಿಸಿದರು. ಯಾರ ಮನಸ್ಸು ಹೆಚ್ಚು ಬಳಲುತ್ತದೆ ಎಂದು ಹೇಳಲು ದೊಡ್ಡ ಘಟನೆಗಳಿಗಿಂತ ಈ ರಗಳೆಗಳ ಲೆಕ್ಕವೇ ಜಾಸ್ತಿ ಉಪಯೋಗಕ್ಕೆ ಬಂತು. ಮೊದಲೇ ಮನಸ್ಸು ಕುಗ್ಗಿದವರಿಗೆ ಎಲ್ಲವೂ ರಗಳೆಯಾಗಿ ಕಾಣಬಹುದಲ್ಲ ಎಂದು ಕೆಲವರು ಆಕ್ಷೇಪ ಎತ್ತಿದರು. ಆ ಆಕ್ಷೇಪದಲ್ಲಿ ಹುರುಳಿದೆ. ನನ್ನ ಅನುಭವದಲ್ಲಿ ಇದು ಎರಡೂ ದಿಕ್ಕಿನಲ್ಲಿ ನಡೆಯುತ್ತದೆ. ಕಿರಿಕಿರಿ ಮನಸ್ಸನ್ನು ದಣಿಸುತ್ತದೆ, ದಣಿದ ಮನಸ್ಸಿಗೆ ಕಿರಿಕಿರಿ ಇನ್ನೂ ಹೆಚ್ಚುತ್ತದೆ.

ಇನ್ನು ನೀವು ಹೇಳಿದ ನಾಲ್ಕು ವಿಷಯ. ನಾಲ್ಕನ್ನೂ ಒಂದೇ ಮೂಟೆಗೆ ಕಟ್ಟಬೇಡಿ. ನೋಡಲು ಒಂದೇ ಥರದ ಸಿಟ್ಟು, ಒಳಗಿನ ಕಾರಣ ಬೇರೆ ಬೇರೆ.

ಪೆನ್ನಿನಿಂದ ಶುರು ಮಾಡೋಣ. ಆ ಟಕ್ ಟಕ್ ಸದ್ದು ದೊಡ್ಡದೇನಲ್ಲ. ಅದೇ ಕೋಣೆಯ ಫ್ಯಾನು ಅದಕ್ಕಿಂತ ಜೋರಾಗಿ ಸದ್ದು ಮಾಡುತ್ತಿರಬಹುದು, ನಿಮ್ಮ ಗಮನಕ್ಕೇ ಬರುವುದಿಲ್ಲ. ಫ್ಯಾನು ಒಂದೇ ಸಮ ಸುತ್ತುತ್ತದೆ, ಕಿವಿ ಅದನ್ನು ಬಿಟ್ಟುಬಿಡುತ್ತದೆ. ಪೆನ್ನು ಹಾಗಲ್ಲ. ಮೂರು ಸಲ ಟಕ್ ಅನ್ನುತ್ತದೆ, ನಿಲ್ಲುತ್ತದೆ. ನಿಂತಿತು ಅಂದುಕೊಂಡು ನೀವು ಕೆಲಸಕ್ಕೆ ತಲೆ ತಗ್ಗಿಸಿದ ಕೂಡಲೇ ಮತ್ತೆ ಟಕ್. ಕೊನೆಗೆ ಸದ್ದು ಇಲ್ಲದಿರುವಾಗಲೂ ಕಿವಿ ಅದಕ್ಕೇ ಕಾಯುತ್ತಾ ಕೂತಿರುತ್ತದೆ. ನಿಮ್ಮನ್ನು ದಣಿಸುವುದು ಈ ಕಾಯುವಿಕೆ.

ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಸಂಶೋಧಕರು 1960ರ ದಶಕದ ಕೊನೆಯಲ್ಲಿ ಇದನ್ನು ಪರೀಕ್ಷಿಸಿದರು. ಬೇರೆ ಭಾಷೆಯ ಮಾತು, ಟೈಪ್‌ರೈಟರ್, ಲೆಕ್ಕದ ಯಂತ್ರ ಇವೆಲ್ಲ ಕಲಸಿದ ಒಂದು ಗದ್ದಲವನ್ನು ಜನರಿಗೆ ಕೇಳಿಸಿದರು. ಕೆಲವರಿಗೆ ಅದು ಸರಿಯಾದ ಹೊತ್ತಿಗೆ ಬರುತ್ತಿತ್ತು, ಕೆಲವರಿಗೆ ಯಾವಾಗ ಬರುತ್ತದೆಂದು ಗೊತ್ತೇ ಆಗುತ್ತಿರಲಿಲ್ಲ. ಗದ್ದಲ ನಿಂತ ಮೇಲೆ ತಪ್ಪು ತಿದ್ದುವ ಕೆಲಸ ಕೊಟ್ಟರೆ, ಗೊತ್ತಿಲ್ಲದೆ ಬಂದ ಸದ್ದು ಕೇಳಿದವರು ಹೆಚ್ಚು ತಪ್ಪು ಬಿಟ್ಟರು. ಬಿಡಿಸಲಾಗದ ಒಗಟು ಕೊಟ್ಟರೆ ಬೇಗ ಕೈಚೆಲ್ಲಿದರು. ಈ ಪ್ರಯೋಗದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇನ್ನೊಂದು ಗುಂಪು. ಅವರಿಗೂ ಅದೇ ಗದ್ದಲ. ಆದರೆ ಕೈಗೆ ಒಂದು ಗುಂಡಿ ಕೊಟ್ಟಿದ್ದರು. ತೀರಾ ಸಾಕಾದರೆ ಒತ್ತಿ, ಸದ್ದು ನಿಲ್ಲುತ್ತದೆ, ಆದರೆ ಒತ್ತದೇ ಇದ್ದರೆ ಒಳ್ಳೆಯದು ಎಂದಿದ್ದರು. ಗುಂಡಿ ಒತ್ತದೇ ಇದ್ದರೂ ಅವರು ಅಷ್ಟು ದಣಿಯಲಿಲ್ಲ. ನಿಲ್ಲಿಸುವುದು ನಮ್ಮ ಕೈಯಲ್ಲಿದೆ ಎಂಬ ಅರಿವೇ ಅವರಿಗೆ ಸಾಕಾಯಿತು.

ಈ ಗುಂಡಿಯ ವಿಷಯ ನೆನಪಿನಲ್ಲಿಟ್ಟುಕೊಳ್ಳಿ. ನಿಮಗೆ ಬೇಕಾದ ಪರಿಹಾರದ ದೊಡ್ಡ ಪಾಲು ಅಲ್ಲೇ ಇದೆ.

ಬಸ್ಸಿನ ವಿಡಿಯೊ ಕೂಡ ಸುಮಾರಾಗಿ ಇದೇ ಜಾತಿ. ಅದಕ್ಕೆ ಒಂದು ಅನ್ಯಾಯದ ಭಾವ ಸೇರಿಕೊಳ್ಳುತ್ತದೆ: ಎಲ್ಲರ ಜಾಗವನ್ನು ಒಬ್ಬರೇ ಬಳಸುತ್ತಿದ್ದಾರೆ, ಯಾರೂ ಕೇಳುತ್ತಿಲ್ಲ. ಫೋನಿನಲ್ಲಿ ಜೋರಾಗಿ ಮಾತಾಡುವವರು ಇನ್ನೂ ಹೆಚ್ಚು ಕಾಟ ಕೊಡುತ್ತಾರೆ, ಅಲ್ವಾ? ಅದಕ್ಕೂ ಕಾರಣ ಗೊತ್ತಾಗಿದೆ. 2010ರಲ್ಲಿ ಲಾರೆನ್ ಎಂಬರ್ಸನ್ ಮತ್ತು ಅವರ ಜೊತೆಗಾರರು ತೋರಿಸಿದ ಪ್ರಕಾರ, ಇಬ್ಬರ ಪೂರ್ತಿ ಮಾತುಕತೆಗಿಂತ ಒಬ್ಬರದೇ ಅರ್ಧ ಮಾತು ನಮ್ಮ ಗಮನವನ್ನು ಹೆಚ್ಚು ಕೆಡಿಸುತ್ತದೆ. ಆ ಕಡೆಯವರು ಏನಂದರು ಎಂದು ಮನಸ್ಸು ತನಗೆ ಬೇಡವಾದರೂ ಊಹಿಸುತ್ತಲೇ ಇರುತ್ತದೆ. ಇದರಲ್ಲಿ ನಿಮ್ಮ ತಾಳ್ಮೆಯ ಕೊರತೆ ಏನೂ ಇಲ್ಲ.

ಚಮಚದ ಸದ್ದಿಗೆ ಬರೋಣ. ಲೋಹ ಗಾಜಿಗೆ ಉಜ್ಜುವ ಸದ್ದು ಮನುಷ್ಯರ ಕಿವಿಗೆ ಸಾಮಾನ್ಯವಾಗಿಯೇ ಹಿತವಲ್ಲ. 2012ರಲ್ಲಿ ಸುಖ್‌ಬಿಂದರ್ ಕುಮಾರ್ ಮತ್ತು ಅವರ ತಂಡ 74 ಬಗೆಯ ಸದ್ದುಗಳನ್ನು ಜನರಿಗೆ ಕೇಳಿಸಿ ಯಾವುದು ಹೆಚ್ಚು ಅಸಹ್ಯ ಎಂದು ಕೇಳಿದರು. ಬಾಟಲಿಯ ಮೇಲೆ ಚಾಕು ಎಳೆಯುವ ಸದ್ದು, ಗಾಜಿನ ಮೇಲೆ ಫೋರ್ಕ್ ಎಳೆಯುವ ಸದ್ದು, ಕಪ್ಪುಹಲಗೆಯ ಮೇಲೆ ಸೀಮೆಸುಣ್ಣ ಕೀರುವ ಸದ್ದು ಮೊದಲ ಸಾಲಿಗೆ ಬಂದವು. ಸುಮಾರು 2000ದಿಂದ 5000 ಹರ್ಟ್ಜ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ನಡುವಿನ ಸದ್ದುಗಳು ಹೆಚ್ಚು ಹಿಂಸೆ ಎಂದು ಗೊತ್ತಾಯಿತು. ನಮ್ಮ ಕಿವಿ ಬಹಳ ಚುರುಕಾಗಿರುವುದೂ ಅಲ್ಲೇ.

ಆದರೆ ಬೇರೆ ಯಾರೋ ಲೋಟದಲ್ಲಿ ಚಮಚ ತಿರುಗಿಸಿದರೆ ನಿಮಗೆ ಇಷ್ಟು ಸಿಟ್ಟು ಬರುತ್ತದೆಯೇ? ಒಮ್ಮೆ ಗಮನಿಸಿ ನೋಡಿ. ಗಂಡ ಮಾಡಿದರೆ ಮಾತ್ರ ಬರುತ್ತದೆ ಎಂದಾದರೆ ಅಲ್ಲಿ ಕಿವಿಯ ಪಾತ್ರ ಕಡಿಮೆ, ಸಂಬಂಧದ ಪಾತ್ರ ಜಾಸ್ತಿ. ಮೈಕೆಲ್ ಕನ್ನಿಂಗ್‌ಹ್ಯಾಮ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಅಲರ್ಜಿಗೆ ಹೋಲಿಸಿದರು. ಧೂಳಿನ ಅಲರ್ಜಿ ಇದ್ದವರಿಗೆ ಮತ್ತೆ ಮತ್ತೆ ಧೂಳು ಸೋಕಿದರೆ ಅಭ್ಯಾಸವಾಗಿಬಿಡುವುದಿಲ್ಲ, ಸೀನು ಇನ್ನೂ ಬೇಗ ಬರುತ್ತದೆ. ಹತ್ತಿರದವರ ಸಣ್ಣ ಚಾಳಿಗಳೂ ಹಾಗೆಯೇ. ಮದುವೆಯಾದ ಹೊಸದರಲ್ಲಿ ಗಮನಕ್ಕೂ ಬಾರದ ಚಾಳಿ ವರ್ಷಗಳ ನಂತರ ಒಂದೇ ಕ್ಷಣದಲ್ಲಿ ರೇಗಿಸುತ್ತದೆ. "ಕಾಲ ಹೋದ ಹಾಗೆ ಅಭ್ಯಾಸ ಆಗುತ್ತದೆ ಬಿಡಿ" ಎನ್ನುವ ಹಿರಿಯರ ಸಮಾಧಾನ ಎಲ್ಲ ಕಡೆ ನಿಜವಾಗುವುದಿಲ್ಲ. ಇದು ನಿಜವಾಗದ ಜಾಗ.

ಕಪಾಟಿನ ಬಾಗಿಲಿನಲ್ಲಿ ಸದ್ದೇ ಇಲ್ಲ. ಅದು ಸುಮ್ನೆ ತೆರೆದಿರುತ್ತದೆ. ಮುಚ್ಚಲು ಒಂದು ಕ್ಷಣ ಸಾಕು. ಹಾಗಿದ್ದೂ ನನಗೆ ಇದೇ ನಾಲ್ಕರಲ್ಲಿ ಎಲ್ಲಕ್ಕಿಂತ ಭಾರವಾದದ್ದು ಅನ್ನಿಸುತ್ತದೆ. ನೀವು ಆ ಬಾಗಿಲನ್ನು ಮುಚ್ಚುವಾಗ ಮನಸ್ಸಿನಲ್ಲಿ ಓಡುವ ಮಾತನ್ನು ಹಿಡಿದು ನೋಡಿ. "ಬಾಗಿಲು ತೆರೆದಿದೆ" ಎಂದಷ್ಟೇ ಇರುವುದಿಲ್ಲ. "ಎಷ್ಟು ಸಲ ಹೇಳಿದ್ದೇನೆ" ಎಂದಿರುತ್ತದೆ. "ಹಿಂದಿನಿಂದ ಬಂದು ಮುಚ್ಚಲು ನಾನಿದ್ದೇನಲ್ಲ" ಎಂದಿರುತ್ತದೆ. ಅಲ್ಲಿಗೆ ತೆರೆದ ಬಾಗಿಲು ನನ್ನ ಮಾತಿಗೆ ಈ ಮನೆಯಲ್ಲಿ ಬೆಲೆ ಇಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿ ಕೂತುಬಿಡುತ್ತದೆ. ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಈಗ ಅದೇ ಬಾಗಿಲನ್ನು ಗಂಡನ ಕಡೆಯಿಂದ ನೋಡಿ. ಅವರು ಟವೆಲ್ಲಿಗೋ ಶರ್ಟಿಗೋ ಕಪಾಟು ತೆರೆದರು. ಕೈಗೆ ಬೇಕಾದದ್ದು ಸಿಕ್ಕಿತು, ಮನಸ್ಸು ಮುಂದಿನ ಕೆಲಸಕ್ಕೆ ಹೋಯಿತು. ಅವರ ಪಾಲಿಗೆ ಆ ಬಾಗಿಲು ಅಲ್ಲಿಗೆ ಮುಗಿಯಿತು. ನಿಮ್ಮನ್ನು ನೋಯಿಸಬೇಕು ಎಂಬುದಿರಲಿ, ಬಾಗಿಲು ಎಂಬುದೇ ಅವರ ತಲೆಯಲ್ಲಿ ಇರಲಿಲ್ಲ. ನಾವು ತಪ್ಪು ಮಾಡಿದರೆ ಆ ಹೊತ್ತಿನ ಗಡಿಬಿಡಿ ಕಾರಣ ಎನ್ನುತ್ತೇವೆ, ಬೇರೆಯವರು ಮಾಡಿದರೆ ಅವರ ಸ್ವಭಾವವೇ ಹಾಗೆ ಎನ್ನುತ್ತೇವೆ. ಬೇರೆಯವರ ನಡತೆಗೆ ಸಂದರ್ಭವನ್ನು ಬಿಟ್ಟು ಸ್ವಭಾವವನ್ನೇ ಹೊಣೆ ಮಾಡುವ ಈ ಒಲವಿನ ಬಗ್ಗೆ ಲೀ ರಾಸ್ 1977ರಲ್ಲೇ ಬರೆದರು. 1979ರಲ್ಲಿ ಅದೇ ಕ್ಷೇತ್ರದ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಗಂಡ ಹೆಂಡತಿಯರನ್ನು ಬೇರೆ ಬೇರೆ ಕೂರಿಸಿ, ಮನೆಕೆಲಸಗಳಲ್ಲಿ ನಿಮ್ಮ ಪಾಲು ಎಷ್ಟು ಎಂದು ಕೇಳಿದರು. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಕಡೆ ನೂರನ್ನು ದಾಟಿತು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಾನು ಮಾಡಿದ್ದು ತನಗೆ ಚೆನ್ನಾಗಿ ನೆನಪಿರುತ್ತದೆ, ಅಷ್ಟೇ.

ಇದನ್ನು ಹೇಳುತ್ತಿರುವುದು ನಿಮ್ಮ ಸಿಟ್ಟು ತಪ್ಪು ಎನ್ನಲು ಅಲ್ಲ. ಮನೆಯ ಅಚ್ಚುಕಟ್ಟಿನ ಹೊರೆ ನಿಜವಾಗಿಯೂ ಒಬ್ಬರ ಮೇಲೇ ಬಿದ್ದಿರುವ ಮನೆಗಳು ಬೇಕಾದಷ್ಟಿವೆ. ನಿಮ್ಮದೂ ಹಾಗಿದ್ದರೆ ಆ ಮಾತನ್ನು ಬಾಗಿಲಿನ ಹಿಂದೆ ಬಚ್ಚಿಡಬೇಡಿ. ಅದನ್ನು ಬೇರೆಯಾಗಿ, ದೊಡ್ಡ ವಿಷಯವಾಗಿಯೇ ಕೂತು ಮಾತಾಡಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವುದು ಇಂಥ ಕಡೆಯೇ. ಎಷ್ಟೋ ಮನೆಗಳಲ್ಲಿ ಬಾಗಿಲು, ಒದ್ದೆ ಟವೆಲ್, ಆರಿಸದ ಲೈಟು ಇವುಗಳ ಮೇಲೆ ವರ್ಷಾನುಗಟ್ಟಲೆ ಜಗಳ ನಡೆಯುತ್ತದೆ. ಹೊರೆಯ ಮಾತು ಮಾತ್ರ ಒಮ್ಮೆಯೂ ಬರುವುದಿಲ್ಲ.

ಇನ್ನು ಏನು ಮಾಡಬೇಕು ಎಂಬುದು.

ಮೊದಲು ಮಾಡಬಾರದ್ದು. ಕಿರುಚಿಬಿಡಬೇಕು ಅನ್ನಿಸುತ್ತದೆ ಎಂದು ಬರೆದಿದ್ದೀರಿ. ಸಿಟ್ಟನ್ನು ಹೊರಗೆ ಹಾಕಿದರೆ ಹಗುರವಾಗುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಅದು ನಿಜವಲ್ಲ. ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆರಳಿಸಿದವರನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ, ಏರಿತು. ಸುಮ್ಮನೆ ಕೂತವರೇ ವಾಸಿ. 2024ರಲ್ಲಿ ಸೋಫಿ ಕ್ಯಾರ್ವಿಕ್ ಮತ್ತು ಇದೇ ಬುಷ್‌ಮನ್ 154 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೈಯ ಕಾವು ಇಳಿಸುವ ಕೆಲಸಗಳು ಸಿಟ್ಟನ್ನು ತಗ್ಗಿಸುತ್ತವೆ: ನಿಧಾನ ಉಸಿರಾಟ, ಧ್ಯಾನ, ಸ್ನಾಯುಗಳನ್ನು ಸಡಿಲ ಬಿಡುವುದು. ಕಾವು ಏರಿಸುವವು ಒಟ್ಟಾರೆ ತಗ್ಗಿಸುವುದಿಲ್ಲ, ಓಟ ಕೂಡ. ಓಡುವುದು ಆರೋಗ್ಯಕ್ಕೆ ಒಳ್ಳೆಯದೇ, ಆದರೆ ಸಿಟ್ಟು ಬಂದ ಹೊತ್ತಿಗೆ ಅದು ಮದ್ದಲ್ಲ. ಗೆಳತಿಗೆ ಫೋನ್ ಮಾಡಿ ಅರ್ಧ ಗಂಟೆ ಗಂಡನ ಚಮಚದ ಬಗ್ಗೆಯೇ ಹೇಳಿಕೊಳ್ಳುವುದೂ ಗುದ್ದುಚೀಲದ ಜಾತಿಗೇ ಸೇರುತ್ತದೆ. ಒಂದು ಸಲ ಹೇಳಿ ಮುಗಿಸಿದರೆ ಸರಿ. ದಿನಾ ಅದನ್ನೇ ತಿರುವಿ ಹಾಕಿದರೆ ಗಾಯ ಕೆರೆದಂತೆಯೇ.

ಸದ್ದು ಕಿವಿಗೆ ಬಿದ್ದ ಕ್ಷಣದಲ್ಲಿ ನಿಮ್ಮ ಮೈ ಏನು ಮಾಡುತ್ತದೆ ನೋಡಿ. ದವಡೆ ಬಿಗಿಯುತ್ತದೆ, ಭುಜ ಮೇಲೇರುತ್ತದೆ, ಉಸಿರು ಅರ್ಧಕ್ಕೆ ನಿಲ್ಲುತ್ತದೆ. ದವಡೆಯನ್ನು ಬೇಕಂತಲೇ ಸಡಿಲ ಬಿಡಿ. ಹಲ್ಲಿಗೆ ಹಲ್ಲು ತಾಗದಿರಲಿ. ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಹೀಗೆ ಐದಾರು ಸಲ. ಜೊತೆಗೆ ಮನಸ್ಸಿನಲ್ಲೇ ಹೇಳಿಕೊಳ್ಳಿ: "ನನಗೆ ಈಗ ಸಿಟ್ಟು ಬಂದಿದೆ." ಭಾವನೆಗೆ ಹೆಸರು ಕೊಟ್ಟರೆ ಮೆದುಳಿನಲ್ಲಿ ಭಯ, ಕೋಪಗಳಿಗೆ ಸ್ಪಂದಿಸುವ ಅಮಿಗ್ಡಾಲ ಎಂಬ ಭಾಗದ ಚಟುವಟಿಕೆ ತಗ್ಗುತ್ತದೆ ಎಂದು ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ತಂಡ 2007ರಲ್ಲಿ ತೋರಿಸಿದೆ. "ಇಷ್ಟಕ್ಕೆಲ್ಲ ಯಾಕೆ" ಎಂದು ಗದರಿಸಿಕೊಳ್ಳುವುದು ಇದಕ್ಕೆ ತದ್ವಿರುದ್ಧ. ಸಿಟ್ಟಿನ ಮೇಲೆ ನಾಚಿಕೆಯನ್ನೂ ಹೇರಿಕೊಂಡ ಹಾಗಾಗುತ್ತದೆ.

ನಿಮ್ಮ ನಿದ್ದೆ ಹೇಗಿದೆ? ನೀವು ಬರೆದಿಲ್ಲ, ಆದರೆ ನಾನು ಮೊದಲು ಕೇಳುವ ಪ್ರಶ್ನೆ ಇದು. ಜ್ಲಾಟನ್ ಕ್ರಿಜಾನ್ ಮತ್ತು ಗ್ಯಾರೆಟ್ ಹಿಸ್ಲರ್ ಎಂಬ ಸಂಶೋಧಕರು ಎರಡು ರಾತ್ರಿ ಕೆಲವರ ನಿದ್ದೆಯನ್ನು ಎರಡರಿಂದ ನಾಲ್ಕು ಗಂಟೆ ಕಡಿತ ಮಾಡಿಸಿ, ಆಮೇಲೆ ಅಹಿತವಾದ ಸದ್ದು ಕೇಳಿಸಿದರು. ಚೆನ್ನಾಗಿ ಮಲಗಿದವರು ಸದ್ದಿಗೆ ಹೊಂದಿಕೊಂಡರು. ನಿದ್ದೆಗೆಟ್ಟವರಿಗೆ ಅದು ಆಗಲಿಲ್ಲ, ಸಿಟ್ಟು ಜಾಸ್ತಿಯಾಯಿತು. ಹಸಿವೂ ಹಾಗೆಯೇ. ಬೆಳಿಗ್ಗೆ ಏನೂ ತಿನ್ನದೆ ಓಡಿದ ದಿನ ಪೆನ್ನಿನ ಸದ್ದು ಹೇಗಿರುತ್ತದೆ, ಹೊಟ್ಟೆ ತುಂಬಿದ ದಿನ ಹೇಗಿರುತ್ತದೆ ಎಂದು ನೀವೇ ಹೋಲಿಸಿ.

ಈಗ ಗುಂಡಿಯ ವಿಷಯ. ಆಫೀಸಿನಲ್ಲಿ ನಿಮ್ಮ ಕೈಯಲ್ಲಿ ಏನೇನಿದೆ ನೋಡಿ. ಹೆಡ್‌ಫೋನ್ ಇಟ್ಟುಕೊಳ್ಳಬಹುದು. ಗಮನ ಬೇಕಾದ ಕೆಲಸವನ್ನು ಅವರು ಸೀಟಿನಲ್ಲಿ ಇಲ್ಲದ ಹೊತ್ತಿಗೆ ಇಟ್ಟುಕೊಳ್ಳಬಹುದು. ಸೀಟು ಬದಲಿಸಲು ಕೇಳಬಹುದು. ಎಲ್ಲವನ್ನೂ ಮಾಡಲೇಬೇಕೆಂದಿಲ್ಲ. ಹೆಡ್‌ಫೋನ್ ಡ್ರಾಯರಿನಲ್ಲಿದೆ ಎಂಬುದೇ ಎಷ್ಟೋ ದಿನ ಸಾಕಾಗುತ್ತದೆ. ಒಂದು ಎಚ್ಚರಿಕೆ: ಇಡೀ ದಿನ ಕಿವಿ ಮುಚ್ಚಿಕೊಂಡೇ ಇರಬೇಡಿ. ಪೂರ್ತಿ ನಿಶ್ಶಬ್ದಕ್ಕೆ ಒಗ್ಗಿದ ಕಿವಿಗೆ ಸಣ್ಣ ಸದ್ದೂ ಇನ್ನಷ್ಟು ಚುಚ್ಚಬಹುದು.

ಮತ್ತೆ, ಪಕ್ಕದವರಿಗೆ ಹೇಳಿಯೂ ನೋಡಿ. ಪೆನ್ನು ಒತ್ತುವವರಿಗೆ ತಾವು ಒತ್ತುತ್ತಿದ್ದೇವೆ ಎಂದೇ ಹೆಚ್ಚಿನ ಸಲ ಗೊತ್ತಿರುವುದಿಲ್ಲ. "ನನಗೆ ಈ ಟಕ್ ಟಕ್ ಕೇಳಿದರೆ ಲೆಕ್ಕ ತಪ್ಪಿಹೋಗುತ್ತದೆ, ಬೇರೆ ಪೆನ್ನು ಕೊಡಲಾ?" ಎಂದು ಮುಚ್ಚಳದ ಪೆನ್ನು ಕೊಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ. ಸಿಟ್ಟು ಬರುವ ಮೊದಲೇ ಹೇಳಿ. ತಿಂಗಳುಗಟ್ಟಲೆ ಹಲ್ಲು ಕಚ್ಚಿ ಸಹಿಸಿ ಆಮೇಲೆ ಹೇಳಿದರೆ, ಎಷ್ಟೇ ಮೆತ್ತಗೆ ಹೇಳಿದರೂ ದನಿಯಲ್ಲಿ ಆ ತಿಂಗಳುಗಳು ಕೇಳಿಸುತ್ತವೆ.

ಬಸ್ಸಿನವರಿಗೆ ಒಂದೇ ಸಲ, ಮೆಲ್ಲಗೆ, "ಸ್ವಲ್ಪ ಸೌಂಡ್ ಕಡಿಮೆ ಮಾಡುತ್ತೀರಾ?" ಎಂದು ಕೇಳಿ. ಕಡಿಮೆ ಮಾಡಿದರೆ ಸರಿ, ಇಲ್ಲವಾದರೆ ಜಾಗ ಬದಲಿಸಿ. ಅವರಿಗೆ ನಡತೆ ಕಲಿಸಲು ಹೋಗಬೇಡಿ. ಒಬ್ಬರೇ ಇದ್ದಾಗ, ರಾತ್ರಿ ಹೊತ್ತು, ಕೇಳುವುದೂ ಬೇಡ.

ಗಂಡನಿಗೆ ಹೇಳಲೇ ಎಂದಿರಿ. ಹೇಳಿ, ಖಂಡಿತ ಹೇಳಿ. ಹೇಗೆ ಎಂಬುದು ಮುಖ್ಯ. ಚಮಚ ತಿರುಗುತ್ತಿರುವಾಗ ಹೇಳಬೇಡಿ. ಆ ಹೊತ್ತಿಗೆ ನಿಮ್ಮ ಬಾಯಿಂದ ಬರುವುದು ಬೈಗುಳ, ಅವರಿಗೆ ಕೇಳಿಸುವುದೂ ಅಷ್ಟೇ. ಇಬ್ಬರೂ ನಿರಾಳವಾಗಿದ್ದಾಗ ಹೇಳಿ. ಒಂದು ಸಲಕ್ಕೆ ಒಂದೇ ವಿಷಯ. ಬಾಗಿಲು, ಚಮಚ, ಮೂರು ವರ್ಷದ ಹಿಂದೆ ಮರೆತ ಬಿಲ್ಲು ಎಲ್ಲವನ್ನೂ ಒಟ್ಟಿಗೆ ತೆಗೆದರೆ ಯಾರಾದರೂ ತಮ್ಮನ್ನು ಕಾಪಾಡಿಕೊಳ್ಳಲು ನೋಡುತ್ತಾರೆ. "ಯಾವಾಗಲೂ", "ಎಷ್ಟು ಸಲ" ಎಂಬ ಮಾತುಗಳನ್ನು ಬಿಟ್ಟುಬಿಡಿ. ಹೀಗೆ ಹೇಳಬಹುದು: "ರೀ, ಒಂದು ಮಾತು. ಚಮಚ ಲೋಟಕ್ಕೆ ತಾಗುವ ಸದ್ದು ನನಗೆ ಯಾಕೋ ತಡೆಯೋಕೆ ಆಗಲ್ಲ. ನಿಮ್ಮ ತಪ್ಪಲ್ಲ. ಸಕ್ಕರೆ ಕರಗಿದ ಮೇಲೆ ಚಮಚ ತೆಗೆದಿಡ್ತೀರಾ?" ಇದರಲ್ಲಿ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. "ಸ್ವಲ್ಪ ನನ್ನ ಬಗ್ಗೆನೂ ಯೋಚನೆ ಮಾಡಿ" ಎಂದರೆ ಏನು ಮಾಡಬೇಕೆಂದೇ ಅವರಿಗೆ ತಿಳಿಯುವುದಿಲ್ಲ.

ಅವರು ಮರೆಯುತ್ತಾರೆ. ಇದಕ್ಕೆ ಈಗಲೇ ಸಿದ್ಧವಾಗಿರಿ. ಹೊಸ ಅಭ್ಯಾಸ ಕೈಗೆ ಹತ್ತಲು ಎಷ್ಟು ದಿನ ಬೇಕು ಎಂದು ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಗಾರರು ಅಳೆದಿದ್ದಾರೆ. ಕೆಲವರಿಗೆ 18 ದಿನ, ಕೆಲವರಿಗೆ 254 ದಿನದ ಅಂದಾಜು ಬಂತು. ನಡುವಿನ ಅಂಕಿ 66. ಎರಡು ತಿಂಗಳು ಮರೆಯುತ್ತಾ, ನೆನಪಾಗುತ್ತಾ ನಡೆಯುವುದು ಸಹಜ. ಮರೆತಾಗ "ಚಮಚ" ಎಂದಷ್ಟೇ ಹೇಳಿ. ನೆನಪಿಟ್ಟ ದಿನ ಅದನ್ನೂ ಗಮನಿಸಿ, ಹೇಳಿ.

ಬಾಗಿಲಿಗೆ ಮಾತ್ರ ನನ್ನ ಸಲಹೆ ಬೇರೆ. ಬಡಗಿಯನ್ನು ಕರೆಸಿ, ತಾನೇ ಮುಚ್ಚಿಕೊಳ್ಳುವ ಹಿಂಜ್ ಹಾಕಿಸಿಬಿಡಿ. ಗಂಭೀರವಾಗಿಯೇ ಹೇಳುತ್ತಿದ್ದೇನೆ. ಯಾರೋ ಬದಲಾಗಬೇಕು ಎಂದು ವರ್ಷಗಟ್ಟಲೆ ಕಾಯುವ ಕಡೆ ವಸ್ತುವನ್ನೇ ಬದಲಿಸಲು ಆಗುತ್ತದಾ ಎಂದು ಮೊದಲು ನೋಡಬೇಕು. "ಅವರೇ ಕಲಿಯಬೇಕು, ನಾನ್ಯಾಕೆ ಖರ್ಚು ಮಾಡಲಿ" ಅನ್ನಿಸಿದರೆ ಆ ಮಾತನ್ನು ಹಿಡಿದುಕೊಳ್ಳಿ. ನಿಮಗೆ ಬೇಕಿರುವುದು ಮುಚ್ಚಿದ ಬಾಗಿಲಲ್ಲ, ಹೊರೆಯ ಮಾತು ಎಂದು ಅದರಿಂದಲೇ ಗೊತ್ತಾಗುತ್ತದೆ.

ಕೆಲವು ಚಾಳಿಗಳು ಏನು ಮಾಡಿದರೂ ಹೋಗುವುದಿಲ್ಲ. ದಂಪತಿಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್, ಜೋಡಿಗಳ ನಡುವಿನ ತಕರಾರುಗಳಲ್ಲಿ ಸುಮಾರು 69 ಶೇಕಡಾ ಯಾವತ್ತೂ ಪೂರ್ತಿ ಬಗೆಹರಿಯುವುದಿಲ್ಲ ಎನ್ನುತ್ತಾರೆ. ಚೆನ್ನಾಗಿ ಬಾಳುವವರೂ ಅವನ್ನು ಇಟ್ಟುಕೊಂಡೇ ಬಾಳುತ್ತಾರೆ. ವ್ಯತ್ಯಾಸ ಇರುವುದು ಆ ವಿಷಯ ಬಂದಾಗ ಒಬ್ಬರನ್ನೊಬ್ಬರು ಹೀಗಳೆಯುತ್ತಾರೋ ಇಲ್ಲವೋ ಎಂಬುದರಲ್ಲಿ.

ಕಾಯಿಲೆಯೇ ಎಂಬ ಪ್ರಶ್ನೆ ಉಳಿಯಿತು. ಕೆಲವರಿಗೆ ನಿರ್ದಿಷ್ಟ ಸದ್ದುಗಳನ್ನು ಕೇಳಿದರೆ ತಡೆಯಲಾಗದ ಸಿಟ್ಟು, ಅಸಹ್ಯ ಬರುತ್ತದೆ. ಅಗಿಯುವುದು, ನುಂಗುವುದು, ಮೂಗಿನಲ್ಲಿ ಸೊರಗುಟ್ಟುವುದು, ಪೆನ್ನು ಒತ್ತುವುದು ಇಂಥವು. ಇದಕ್ಕೆ ಮಿಸೋಫೋನಿಯಾ ಎನ್ನುತ್ತಾರೆ. ಮಾರ್ಗರೆಟ್ ಮತ್ತು ಪಾವೆಲ್ ಜಾಸ್ಟ್ರೆಬಾಫ್ 2001ರಲ್ಲಿ ಈ ಹೆಸರಿಟ್ಟರು, 2022ರಲ್ಲಿ ತಜ್ಞರು ಕೂಡಿ ಇದಕ್ಕೆ ಒಪ್ಪಿತ ವಿವರಣೆ ಕೊಟ್ಟರು. ಹೆಚ್ಚಿನವರಲ್ಲಿ ಇದು ಬಾಲ್ಯದಲ್ಲೋ ಹದಿವಯಸ್ಸಿನಲ್ಲೋ ಶುರುವಾಗುತ್ತದೆ. ಮೊದಲು ಹೇಳಿದ ಸುಖ್‌ಬಿಂದರ್ ಕುಮಾರ್ ತಂಡವೇ 2017ರಲ್ಲಿ, ಇಂಥವರು ಆ ಸದ್ದು ಕೇಳಿದಾಗ ಮೆದುಳಿನ ಒಂದು ಭಾಗ ಬೇರೆಯವರಿಗಿಂತ ಬಹಳ ಹೆಚ್ಚು ಸ್ಪಂದಿಸುತ್ತದೆ, ಎದೆಬಡಿತವೂ ಏರುತ್ತದೆ ಎಂದು ತೋರಿಸಿತು. ಅಂದರೆ ಇದು ನಾಟಕವಲ್ಲ, ಹಟವಲ್ಲ.

ನಿಮ್ಮನ್ನು ನೋಡದೆ ಇದೇ ಎಂದು ಹೇಳಲಾರೆ. ಸದ್ದೇ ಇಲ್ಲದ ಬಾಗಿಲೂ ನಿಮ್ಮನ್ನು ರೇಗಿಸುತ್ತದೆ ಎಂಬುದನ್ನು ನೋಡಿದರೆ ಪೂರ್ತಿ ಅದೇ ಆಗಿರಲಾರದು. ಆದರೆ ಚಿಕ್ಕಂದಿನಿಂದಲೂ ಸದ್ದುಗಳಿಗೆ ಹೀಗೇ ಆಗುತ್ತಿತ್ತೇ? ಮನೆಯವರ ಜೊತೆ ಊಟಕ್ಕೆ ಕೂರುವುದನ್ನೇ ತಪ್ಪಿಸುತ್ತಿದ್ದೀರಾ? ಸದ್ದಿಗೆ ಹೆದರಿ ಕೆಲವು ಜಾಗಗಳಿಗೆ ಹೋಗುವುದನ್ನು ಬಿಟ್ಟಿದ್ದೀರಾ? ಹೌದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಿ, ಕಿವಿಯ ಪರೀಕ್ಷೆಗೆ ಆಡಿಯಾಲಜಿಸ್ಟ್ ಹತ್ತಿರವೂ ಹೋಗಿ. ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ ಎಂಬ ಚಿಕಿತ್ಸೆಯಿಂದ ಕೆಲವರಿಗೆ ಸುಧಾರಿಸಿದ್ದನ್ನು ನೆದರ್ಲೆಂಡ್ಸಿನಲ್ಲಿ 54 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಈ ಕಿರಿಕಿರಿ ಇತ್ತೀಚೆಗಷ್ಟೇ ಹೆಚ್ಚಾಗಿದ್ದರೆ ದಾರಿ ಬೇರೆ. ನಿಮ್ಮ ವಯಸ್ಸಿನಲ್ಲಿ ಹಾರ್ಮೋನುಗಳ ಏರುಪೇರು ಶುರುವಾಗಿರಬಹುದು. ಥೈರಾಯ್ಡ್ ಹೆಚ್ಚು ಕೆಲಸ ಮಾಡಿದರೂ ಸಿಡುಕು ಬರುತ್ತದೆ. ಖಿನ್ನತೆಯೂ ಕೆಲವರಲ್ಲಿ ಅಳುವಾಗಿ ಬರದೆ ಸಿಟ್ಟಾಗಿ ಬರುತ್ತದೆ. ಅಮ್ಮನ ಆಪರೇಷನ್, ಗಂಡನ ಕೆಲಸ, ಎಲ್ಲರೂ ನಿಮ್ಮ ಕಡೆಯೇ ನೋಡುವುದು, ಇದೆಲ್ಲ ನಿಮ್ಮ ಮೇಲೆ ಏನೂ ಮಾಡದೆ ಹೋಗಿರಲಾರದು. ಮನೆಯ ಹತ್ತಿರದ ವೈದ್ಯರನ್ನು ಕಂಡು ಒಂದು ರಕ್ತಪರೀಕ್ಷೆ ಮಾಡಿಸಿ. ಹೋಗುವ ಮುಂಚೆ ಎರಡು ವಾರ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ: ಯಾವ ದಿನ, ಯಾವ ಹೊತ್ತು, ಯಾವುದಕ್ಕೆ ಸಿಟ್ಟು ಬಂತು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಮುಟ್ಟಿನ ಎಷ್ಟನೇ ದಿನ. "ಸಣ್ಣ ವಿಷಯಕ್ಕೆಲ್ಲ ಸಿಟ್ಟು ಬರುತ್ತದೆ" ಎಂದು ಬಾಯಲ್ಲಿ ಹೇಳಿದರೆ ವೈದ್ಯರೂ ಅದನ್ನು ಸಣ್ಣದೆಂದು ಬಿಟ್ಟುಬಿಡಬಹುದು. ಆ ಪುಸ್ತಕವನ್ನು ಅವರ ಮುಂದೆ ಇಡಿ.